ಪನೀರ್ ಘಟಕಕ್ಕೆ ಸಿಮ್ಯುಲೇಷನ್ ಸೇವೆ: ಒಂದು ವರ್ಷದ ಬಳಕೆಯ ನಂತರ

ಬೆಳಗಾವಿಯ ಉದ್ಯಮಬಾಗ್‌ನಲ್ಲಿರುವ ನಮ್ಮ ಘಟಕದಲ್ಲಿ ಕುಂದಾ, ಪನೀರ್ ಎರಡೂ ತಯಾರಾಗುತ್ತವೆ. ಕುಂದಾ ಕಂದುಬಣ್ಣಕ್ಕೆ ತಿರುಗುವವರೆಗೆ ಕಡಾಯಿಯಲ್ಲಿ ಬೇಯುವುದರಿಂದಲೂ ಅದರಲ್ಲಿ ಸಕ್ಕರೆ ಹೆಚ್ಚಿರುವುದರಿಂದಲೂ ಅದರ ಚಿಂತೆ ಕಡಿಮೆ; ಚಿಂತೆಯೆಲ್ಲ ಪನೀರಿನದು. ಹಾಲು ಸರಿಯಾಗಿ ಕಾದರೆ ರೋಗ ತರಬಲ್ಲ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ, ಆದರೆ ಒತ್ತುವಾಗ, ಕತ್ತರಿಸುವಾಗ, ಪ್ಯಾಕ್ ಮಾಡುವಾಗ ಮತ್ತೆ ಸೇರಿಕೊಂಡರೆ ಅದು 4 ಡಿಗ್ರಿ ಸೆಲ್ಸಿಯಸ್‌ನ ಕೋಲ್ಡ್ ರೂಮಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು.

ಅದಕ್ಕಾಗಿಯೇ ಕಳೆದ ವರ್ಷ ಒಂದು ಸಂಸ್ಥೆಯಿಂದ ಸಿಮ್ಯುಲೇಷನ್ ಸೇವೆ, ಅಂದರೆ ಘಟಕದಲ್ಲಿ ಲಿಸ್ಟೀರಿಯಾ ಹೇಗೆ ಹರಡಬಹುದೆಂದು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ಸೇವೆ, ಪಡೆದೆವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹೊಗೆಯಾಡಿಸಿದ ಸಾಲ್ಮನ್ ಮೀನಿನ ಘಟಕವನ್ನು ಇಟ್ಟುಕೊಂಡು 2019ರಲ್ಲಿ ಪ್ರಕಟಿಸಿದ ‘ಎನೇಬಲ್’ ಮಾದರಿಯ ಬಗೆಯದೇ ಇದು: ಮೇಜು, ಚಾಕು, ಟ್ರಾಲಿ, ಗಟಾರ, ಕೆಲಸಗಾರ ಹೀಗೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಗುರುತಿಸಿ, ಯಾವುದು ಯಾವುದನ್ನು ಎಷ್ಟು ಸಲ ಮುಟ್ಟುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ತೊಳೆಯುವುದು ಯಾವಾಗ ಎಂಬುದನ್ನು ತಾಸುತಾಸಿಗೆ ಲೆಕ್ಕ ಹಾಕಿ, ಒಂದೇ ವಾರದ ಕೆಲಸವನ್ನು ನೂರಾರು ಬಾರಿ ಓಡಿಸಿ ನೋಡುತ್ತದೆ.

ನಾವು ಇಷ್ಟು ವರ್ಷ ಸ್ವ್ಯಾಬ್ (ಪರೀಕ್ಷೆಗೆಂದು ಮೇಲ್ಮೈಯನ್ನು ಒರೆಸಿ ತೆಗೆಯುವ ಮಾದರಿ) ತೆಗೆಯುತ್ತಿದ್ದುದು ಕತ್ತರಿಸುವ ಮೇಜಿನಿಂದ, ಅದೂ ಬೆಳಿಗ್ಗೆ ತೊಳೆದ ಕೂಡಲೇ. ವರದಿ ಚೊಕ್ಕವಾಗಿ ಬರದೆ ಇನ್ನೇನಾದೀತು? ಸಿಮ್ಯುಲೇಷನ್ ಮಾತ್ರ ಟ್ರಾಲಿಯ ಚಕ್ರಗಳನ್ನೂ ಕೋಲ್ಡ್ ರೂಮಿನ ಬಾಗಿಲ ಬಳಿಯ ಗಟಾರದ ಜಾಳಿಗೆಯನ್ನೂ ತೋರಿಸಿ, ಕೆಲಸ ಆರಂಭವಾಗಿ ಮೂರು ತಾಸಾದ ಮೇಲೆ ಸ್ವ್ಯಾಬ್ ತೆಗೆಯಬೇಕೆಂದಿತು. ಒಂದು ಚಕ್ರದ ರಬ್ಬರಿನ ಬಿರುಕಿನಲ್ಲಿ ಲಿಸ್ಟೀರಿಯಾ ಸಿಕ್ಕಿತು. ರೋಗ ತರುವ ಪ್ರಭೇದವಲ್ಲವೆಂದು ಪ್ರಯೋಗಾಲಯ ಹೇಳಿದರೂ, ಇದು ನೆಲೆ ನಿಂತಲ್ಲಿ ರೋಗ ತರುವ ಪ್ರಭೇದವೂ ನಿಲ್ಲಬಲ್ಲದಾದ್ದರಿಂದ ನಾಲ್ಕೂ ಚಕ್ರಗಳನ್ನು ಬದಲಿಸಿದೆವು.

ದೊಡ್ಡ ಕೊರತೆಯೆಂದರೆ, ಮೊದಲ ಲೆಕ್ಕದಲ್ಲಿ ಬೆಳಗಾವಿಯ ಮಳೆಯೇ ಇರಲಿಲ್ಲ. ಜುಲೈನಲ್ಲಿ ದಿನವಿಡೀ ಒದ್ದೆಯಾಗಿಯೇ ಇರುವ ಗಮ್‌ಬೂಟು, ಕರೆಂಟ್ ಹೋದಾಗ ಸಾಮಾನು ಸಾಗಿಸಲು ತೆರೆದೇ ಬಿಡುವ ಬಾಗಿಲು, ಇವು ಯಾವುವೂ ಅವರ ಪ್ರಶ್ನಾವಳಿಯಲ್ಲಿ ಬರಲಿಲ್ಲ. ನಾವೇ ಒಂದು ವಾರ ನಿಂತು ನೋಡಿ ಬರೆದುಕೊಟ್ಟ ಮೇಲೆ ಎರಡನೆಯ ಬಾರಿ ಓಡಿಸಿದಾಗ, ಅಪಾಯದ ಪಟ್ಟಿಯಲ್ಲಿ ಕೈ ತೊಳೆಯುವ ಸಿಂಕಿನ ಮುಂದಿನ ನೆಲ ಗಟಾರಕ್ಕಿಂತ ಮೇಲೆ ಬಂತು. ವರದಿಯೂ ಇಂಗ್ಲಿಷಿನಲ್ಲಷ್ಟೇ ಇದೆ. ನೆಲ ತೊಳೆಯುವವರಿಗಾಗಿ ನಾನೇ ಕನ್ನಡ, ಮರಾಠಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕಾಯಿತು.

ಶುಲ್ಕವು ನಮಗೆ ಸುಮಾರು ನಲವತ್ತು ಸ್ವ್ಯಾಬ್ ಪರೀಕ್ಷೆಗಳ ಖರ್ಚಿನಷ್ಟಾಯಿತು. ಒಂದೇ ಕೋಣೆಯ ಘಟಕದವರು ಆ ಹಣವನ್ನು ಸ್ವ್ಯಾಬ್‌ಗೇ ಹಾಕುವುದು ಲೇಸು. ನಾವು ಪ್ಯಾಕಿಂಗ್ ಯಂತ್ರದ ಜಾಗ ಬದಲಿಸಿರುವುದರಿಂದ ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಓಡಿಸಲು ಹೇಳಿದ್ದೇವೆ.