ಹೊಸ ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್ ಪರೀಕ್ಷೆ ಬರೆಯುವವರು ಇದನ್ನು ಮೊದಲು ನೋಡಿಕೊಳ್ಳಿ

ಪ್ಲೇಸ್‌ಮೆಂಟ್ ಪರೀಕ್ಷೆಯನ್ನೋ ಸರ್ಟಿಫಿಕೇಶನ್ ಪರೀಕ್ಷೆಯನ್ನೋ ಮನೆಯಲ್ಲೇ ಕೂತು ಬರೆಯುವವರು, ಅದರಲ್ಲೂ ಈಚೆಗೆ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಂಡವರು, ದಯವಿಟ್ಟು ಪರೀಕ್ಷೆಯ ಹಿಂದಿನ ದಿನವಾದರೂ ಇದನ್ನು ಓದಿ. ನಿಮ್ಮಲ್ಲಿ ಯಾವ ವರ್ಚುವಲ್ ಮಷೀನೂ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ಇಲ್ಲದಿದ್ದರೂ "ವರ್ಚುವಲ್ ಮಷೀನ್ ಪತ್ತೆಯಾಗಿದೆ" ಎಂದು ಪರೀಕ್ಷೆಯ ಸಾಫ್ಟ್‌ವೇರ್ ನಿಮ್ಮನ್ನು ಹೊರಗೆ ಹಾಕಬಹುದು. ನನ್ನ ತಂಗಿಗೆ ಹಾಗೇ ಆಯಿತು. ಹೊರಗೆ ಹಾಕಿದ್ದು ಸಾಲದು ಅಂತ ಅವಳ ಹೆಸರಿನ ಮುಂದೆ "ನಿಯಮ ಉಲ್ಲಂಘನೆ" ಎಂದೂ ದಾಖಲಾಯಿತು.

ಅವಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಲ್ಯಾಪ್‌ಟಾಪ್ ಹೊಸದು, ಅಪ್ಪ ಕಂತಿನಲ್ಲಿ ಕೊಡಿಸಿದ್ದು. ಕಂಪನಿಯವರು ಕಳಿಸಿದ್ದ ಲಿಂಕಿನಲ್ಲಿ "ಸಿಸ್ಟಮ್ ಚೆಕ್" ಮೊದಲೇ ಮಾಡಿಕೊಂಡಿದ್ದಳು. ಕ್ಯಾಮೆರಾ, ಮೈಕು, ಇಂಟರ್ನೆಟ್ ವೇಗ ಎಲ್ಲಕ್ಕೂ ಹಸಿರು ಗುರುತು ಬಂದಿತ್ತು. ಆ ಚೆಕ್ ನಡೆಯುವುದು ಬ್ರೌಸರಿನೊಳಗೆ. ಕಂಪ್ಯೂಟರಿನ ಒಳಗನ್ನು ಜಾಲಾಡುವ ಸಾಫ್ಟ್‌ವೇರ್ ಬೇರೆ, ಅದನ್ನು ಇಳಿಸಿಕೊಳ್ಳುವ ಲಿಂಕ್ ಸಿಕ್ಕಿದ್ದು ಪರೀಕ್ಷೆಯ ದಿನ ಬೆಳಿಗ್ಗೆಯೇ. ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ಹಸಿರು ಗುರುತು ಕಂಡ ಮಕ್ಕಳು ಎಲ್ಲ ಸರಿಯಿದೆ ಅಂದುಕೊಂಡು ನಿಶ್ಚಿಂತೆಯಿಂದ ಮಲಗುತ್ತಾರೆ.

ಬೆಳಿಗ್ಗೆ ಫೋಟೊ ತೆಗೆದುಕೊಂಡಾಯಿತು, ಆಧಾರ್ ತೋರಿಸಿದ್ದಾಯಿತು, ಕೋಣೆಯ ನಾಲ್ಕೂ ಮೂಲೆ ಕ್ಯಾಮೆರಾಗೆ ಹಿಡಿದದ್ದಾಯಿತು. ಪ್ರಶ್ನೆಪತ್ರಿಕೆ ತೆರೆಯಬೇಕು ಅನ್ನುವಾಗ ಕೆಂಪು ಚೌಕ ಬಂತು. "ಅಕ್ಕಾ, ಇದೇನೋ ವರ್ಚುವಲ್ ಮಷೀನ್ ಅಂತಿದೆ, ನಾನೇನೂ ಹಾಕಿಲ್ಲ ಕಣೇ" ಅಂತ ಫೋನು ಮಾಡಿದಳು. ಸಹಾಯದ ಚಾಟ್‌ನಲ್ಲಿ ಕೂತಿದ್ದವರು ವಿಎಂವೇರ್ ತೆಗೆಯಿರಿ, ವರ್ಚುವಲ್‌ಬಾಕ್ಸ್ ತೆಗೆಯಿರಿ ಅಂದರು. ವರ್ಚುವಲ್ ಮಷೀನ್ ನಡೆಸುವ ಆ ಎರಡು ಪ್ರೋಗ್ರಾಮುಗಳೂ ಅವಳ ಹತ್ತಿರ ಇರಲೇ ಇಲ್ಲ. ಇಲ್ಲ ಅಂದದ್ದಕ್ಕೆ "ಬೇರೆ ಕಂಪ್ಯೂಟರ್ ಬಳಸಿ" ಅಂದರು. ಆ ಹೊತ್ತಿನಲ್ಲಿ ಬೇರೆ ಕಂಪ್ಯೂಟರನ್ನು ಎಲ್ಲಿಂದ ತರುವುದು? ಅಷ್ಟರಲ್ಲಿ ಲಾಗಿನ್ ಅವಧಿ ಮುಗಿದು ಕಿಟಕಿ ತಾನಾಗಿಯೇ ಮುಚ್ಚಿಕೊಂಡಿತು.

ನಾನು ಸಾಫ್ಟ್‌ವೇರ್ ಕೆಲಸದಲ್ಲೇ ಇರುವವಳು. ಆ ರಾತ್ರಿ ಅವಳ ಲ್ಯಾಪ್‌ಟಾಪ್ ಹಿಡಿದು ಕೂತೆ, ಕಾರಣ ಸಿಕ್ಕಿತು.

ವಿಂಡೋಸ್ 11ರಲ್ಲಿ "ಮೆಮೊರಿ ಇಂಟೆಗ್ರಿಟಿ" ಎಂಬ ಭದ್ರತಾ ವ್ಯವಸ್ಥೆ ಇದೆ. ಕೆಟ್ಟ ಡ್ರೈವರುಗಳು (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಮುಗಳು) ವಿಂಡೋಸಿನ ತಿರುಳಿಗೇ ನುಗ್ಗದಂತೆ ಅದು ಕಾಯುತ್ತದೆ. ಅದು ಕೆಲಸ ಮಾಡಬೇಕಾದರೆ ವಿಂಡೋಸಿನ ಕೆಳಗೆ ಮೈಕ್ರೋಸಾಫ್ಟಿನದೇ ಹೈಪರ್‌ವೈಸರ್ ಓಡುತ್ತಿರಬೇಕು. ಹೈಪರ್‌ವೈಸರ್ ಅಂದರೆ ವರ್ಚುವಲ್ ಮಷೀನುಗಳನ್ನು ನಡೆಸುವ ಪದರ. ಹೊಂದಿಕೆಯಾಗುವ ಹೊಸ ಯಂತ್ರಗಳಲ್ಲಿ ಈ ವ್ಯವಸ್ಥೆ ಕಾರ್ಖಾನೆಯಿಂದ ಬರುವಾಗಲೇ ಆನ್ ಆಗಿರುತ್ತದೆ, ಬಳಸುವವರು ಏನನ್ನೂ ಹಾಕಿಕೊಂಡಿರಬೇಕಾಗಿಲ್ಲ.

ಇನ್ನು ಪರೀಕ್ಷೆಯ ಸಾಫ್ಟ್‌ವೇರ್ ನೋಡುವುದೇನು? ಸಿಪಿಯುಗೆ "ಸಿಪಿಯುಐಡಿ" ಎಂಬ ಸೂಚನೆ ಕೊಟ್ಟರೆ ಅದು ತನ್ನ ವಿವರ ಹೇಳುತ್ತದೆ. ಆ ಉತ್ತರದಲ್ಲಿ 31ನೇ ಬಿಟ್ ಒಂದಿದೆ, ಹೈಪರ್‌ವೈಸರ್ ಇದ್ದರೆ 1, ಇಲ್ಲದಿದ್ದರೆ 0. ಇಂಟೆಲ್ ಮತ್ತು ಎಎಂಡಿ ಅದನ್ನು ಇದಕ್ಕೆಂದೇ ಬಿಟ್ಟಿವೆ. ಇನ್ನೂ ಮುಂದೆ ಕೇಳಿದರೆ ಹೈಪರ್‌ವೈಸರಿನ ಹೆಸರೂ ಬರುತ್ತದೆ, ನನ್ನ ತಂಗಿಯ ಯಂತ್ರದಲ್ಲಿ ಬಂದದ್ದು "ಮೈಕ್ರೋಸಾಫ್ಟ್ ಎಚ್‌ವಿ". ಆದರೆ ಹೈಪರ್‌ವೈಸರಿನ ಮೇಲೆ ಓಡುವುದೆಲ್ಲ ವರ್ಚುವಲ್ ಮಷೀನ್ ಅಲ್ಲ. ಯಂತ್ರದ ಅಸಲಿ ವಿಂಡೋಸ್ ಕೂಡ ಅದರ ಮೇಲೆಯೇ, "ರೂಟ್ ಪಾರ್ಟಿಶನ್" ಎಂಬ ಜಾಗದಲ್ಲಿ ಓಡುತ್ತದೆ. ಮನೆಯ ಯಜಮಾನನೂ ಬಾಡಿಗೆಯವನೂ ಒಂದೇ ಗೇಟಿನಲ್ಲಿ ಓಡಾಡುವಾಗ, ಗೇಟು ದಾಟಿದವರೆಲ್ಲ ಬಾಡಿಗೆಯವರೇ ಅಂದ ಹಾಗಾಯಿತು ಈ ಸಾಫ್ಟ್‌ವೇರಿನ ತೀರ್ಪು. ಯಜಮಾನನನ್ನು ಗುರುತಿಸುವ ದಾರಿ ಇಲ್ಲದಿಲ್ಲ. ಹೊಸ ಪಾರ್ಟಿಶನ್, ಅಂದರೆ ಹೊಸ ವರ್ಚುವಲ್ ಮಷೀನ್, ಸೃಷ್ಟಿಸುವ ಅಧಿಕಾರ ರೂಟ್‌ಗೆ ಮಾತ್ರ ಇರುತ್ತದೆ, ಅದನ್ನೂ ಸಿಪಿಯುಐಡಿಯಿಂದಲೇ ಕೇಳಿ ತಿಳಿಯಬಹುದು. ಆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ದರೆ ಅವಳ ಪರೀಕ್ಷೆ ನಡೆಯುತ್ತಿತ್ತು.

ವರ್ಚುವಲ್ ಮಷೀನ್ ಹುಡುಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆಯನ್ನು ಒಳಗಿನ ಯಂತ್ರದಲ್ಲಿ ತೆರೆದಿಟ್ಟು, ಹೊರಗಿನ ಯಂತ್ರದಲ್ಲಿ ಉತ್ತರ ಹುಡುಕುವವರು ನಿಜಕ್ಕೂ ಇದ್ದಾರೆ. ಓದಿ ಬರೆಯುವ ಮಕ್ಕಳಿಗೆ ಅದು ಮೋಸ, ತಡೆಯಲೇಬೇಕು. ಅನುಮಾನ ಬಂದಾಗ ಮನುಷ್ಯರೊಬ್ಬರು ನೋಡಿ ತೀರ್ಮಾನಿಸಬೇಕಿತ್ತು ಅನ್ನುವುದಷ್ಟೇ ನನ್ನ ತಕರಾರು. ಇಲ್ಲಿ ಯಂತ್ರವೇ ದೂರು ಕೊಟ್ಟಿತು, ಯಂತ್ರವೇ ಶಿಕ್ಷೆಯನ್ನೂ ಬರೆಯಿತು.

ನಿಮ್ಮ ಲ್ಯಾಪ್‌ಟಾಪ್ ಹೇಗಿದೆ ಅಂತ ಈಗಲೇ ನೋಡಿ. ಸ್ಟಾರ್ಟ್ ಒತ್ತಿ "ಸಿಸ್ಟಮ್ ಇನ್ಫರ್ಮೇಶನ್" ಅಂತ ಹುಡುಕಿ ತೆರೆಯಿರಿ, ಮೊದಲ ಪುಟದ ಕೊನೆಯವರೆಗೂ ಹೋಗಿ. "ಎ ಹೈಪರ್‌ವೈಸರ್ ಹ್ಯಾಸ್ ಬೀನ್ ಡಿಟೆಕ್ಟೆಡ್" ಎಂದಿದ್ದರೆ ನಿಮಗೂ ಈ ತೊಂದರೆ ಆಗಬಹುದು. ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುವ "ವರ್ಚುವಲೈಸೇಶನ್: ಎನೇಬಲ್ಡ್" ಬೇರೆ ವಿಷಯ. ವರ್ಚುವಲ್ ಮಷೀನ್ ನಡೆಸಲು ಸಿಪಿಯುನಲ್ಲಿರುವ ಸೌಲಭ್ಯ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಯಂತ್ರದ ಮೂಲ ಸೆಟ್ಟಿಂಗುಗಳಿರುವ ಜಾಗ) ತೆರೆದಿದೆ ಎಂದಷ್ಟೇ ಅದರ ಅರ್ಥ, ಅದನ್ನು ನೋಡಿ ಗಾಬರಿಯಾಗಬೇಡಿ.

ಹೈಪರ್‌ವೈಸರ್ ಇದೆ ಅಂತ ಬಂದರೆ ಮೊದಲು ಪರೀಕ್ಷೆ ನಡೆಸುವವರಿಗೆ ಮೇಲ್ ಬರೆದು ಕೇಳಿ. ಆಫ್ ಮಾಡಿ ಅಂತ ಅವರೇ ಹೇಳಿದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿವೈಸ್ ಸೆಕ್ಯುರಿಟಿ, ಅದರೊಳಗೆ ಕೋರ್ ಐಸೊಲೇಶನ್ ತೆರೆದು ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಸಿಸ್ಟಮ್ ಇನ್ಫರ್ಮೇಶನ್ ನೋಡಿ. ಆ ಸಾಲು ಇನ್ನೂ ಇದ್ದರೆ ಬೇರೆ ಯಾವುದೋ ಹೈಪರ್‌ವೈಸರನ್ನು ಎಬ್ಬಿಸುತ್ತಿದೆ ಅಂತ ತಿಳಿಯಿರಿ. ಲ್ಯಾಬಿಗಾಗಿ, ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನಲ್ಲಿ ಉಬುಂಟು ಹಾಕಿಕೊಂಡಿರುತ್ತೀರಿ, ಡಾಕರ್ ಇರುತ್ತದೆ, ಆಂಡ್ರಾಯ್ಡ್ ಎಮ್ಯುಲೇಟರ್ ಇರುತ್ತದೆ. "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್" ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ವಿಂಡೋಸ್ ಸ್ಯಾಂಡ್‌ಬಾಕ್ಸ್ ಇವುಗಳ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಉಬುಂಟುವಿನಲ್ಲಿರುವ ಫೈಲುಗಳು ಅಳಿಸಿಹೋಗುವುದಿಲ್ಲ, ಟಿಕ್ ವಾಪಸ್ ಹಾಕಿದರೆ ಸಿಗುತ್ತವೆ.

ಕೆಲವು ಸಾಫ್ಟ್‌ವೇರುಗಳು ನೆಟ್‌ವರ್ಕ್ ಅಡಾಪ್ಟರಿನ ಮ್ಯಾಕ್ ವಿಳಾಸವನ್ನೂ (ಪ್ರತಿ ಅಡಾಪ್ಟರಿಗೂ ಇರುವ ಗುರುತಿನ ಸಂಖ್ಯೆ) ನೋಡುತ್ತವೆ. ವಿಎಂವೇರ್ ಹಿಂದೆಂದೋ ಹಾಕಿ ತೆಗೆದಿದ್ದರೂ ಅದರ ನಕಲಿ ಅಡಾಪ್ಟರ್ ಉಳಿದುಕೊಂಡಿರಬಹುದು, 00:50:56 ಎಂದು ಶುರುವಾಗುವ ವಿಳಾಸ ಅದರದ್ದು. ಡಿವೈಸ್ ಮ್ಯಾನೇಜರಿನಲ್ಲಿ ಅಂಥದ್ದು ಕಂಡರೆ ಅದನ್ನೂ ತೆಗೆಯಿರಿ.

ವರ್ಚುವಲೈಸೇಶನನ್ನೇ ಆಫ್ ಮಾಡೋಣ ಅಂತ ಬಯಾಸ್‌ಗೆ ಹೋಗಿ ಕೈಹಾಕುವ ಮೊದಲು ಒಂದು ಮಾತು ಕೇಳಿ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ, ಮನೆಯವರಿಗೆ ಅದು ಗೊತ್ತೂ ಇರುವುದಿಲ್ಲ. ಬಯಾಸ್‌ನ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಪರೀಕ್ಷೆಯ ಜೊತೆಗೆ ಪ್ರಾಜೆಕ್ಟ್, ಫೋಟೊ, ಎಲ್ಲವೂ ಹೋದ ಹಾಗೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾಲೇಜಿನವರೋ ಕಂಪನಿಯವರೋ ಕೊಟ್ಟ ಲ್ಯಾಪ್‌ಟಾಪ್ ಆದರೆ ಇದ್ಯಾವುದನ್ನೂ ನೀವೇ ಮಾಡಲು ಹೋಗಬೇಡಿ, ಅವರ ಐಟಿ ವಿಭಾಗಕ್ಕೆ ಹೇಳಿ.

ಈ ತೊಂದರೆಗೆ ಯೂಟ್ಯೂಬಿನಲ್ಲಿ ಹುಡುಕಿದರೆ "ವಿಎಂ ಡಿಟೆಕ್ಷನ್ ಬೈಪಾಸ್" ಎಂಬ ಹೆಸರಿನ ಪ್ಯಾಚುಗಳು ಸಿಗುತ್ತವೆ. ನನ್ನ ತಂಗಿಯ ಗೆಳೆಯರೇ ಅವನ್ನು ಕಳಿಸಿದ್ದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಖಂಡಿತ ಮುಟ್ಟಬೇಡಿ. ಅವು ಪರೀಕ್ಷೆಯ ಸಾಫ್ಟ್‌ವೇರನ್ನು ಮೋಸಗೊಳಿಸಲು ಮಾಡಿದವು. ಅವು ಸಿಕ್ಕಿಬಿದ್ದರೆ ಅಲ್ಲಿಯವರೆಗೆ ಸುಳ್ಳಾಗಿದ್ದ ಆರೋಪ ನಿಜವಾಗುತ್ತದೆ, ಆಮೇಲೆ ನಿಮ್ಮ ಪರವಾಗಿ ಮಾತಾಡಲು ಯಾರಿಗೂ ಬಾಯಿ ಬರುವುದಿಲ್ಲ. ಜೊತೆಗೆ ಯಾರು ಬರೆದರೆಂದು ಗೊತ್ತಿಲ್ಲದ ಪ್ರೋಗ್ರಾಮಿಗೆ ಅಡ್ಮಿನಿಸ್ಟ್ರೇಟರ್ ಅನುಮತಿ ಕೊಟ್ಟಂತೆಯೂ ಆಗುತ್ತದೆ.

ಪರೀಕ್ಷೆಯ ದಿನ ಕೆಂಪು ಚೌಕ ಬಂದೇಬಿಟ್ಟರೆ ಮೊದಲು ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಯಿರಿ, ಸಮಯ ಕಾಣುವಂತೆ. ಆ ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ. ಆದರೆ ಕ್ಯಾಮೆರಾ ಚಾಲೂ ಇರುವಾಗ ಮೊಬೈಲು ಕೈಗೆತ್ತಿಕೊಂಡರೆ ಅದೂ ಉಲ್ಲಂಘನೆಯಾದೀತು. ಹಾಗಾಗಿ ಚಾಟ್‌ನಲ್ಲಿ ಹೇಳಿ, ಒಪ್ಪಿಗೆ ಪಡೆದು ತೆಗೆಯಿರಿ. ಚಾಟ್‌ನ ಮಾತುಗಳನ್ನು ಉಳಿಸಿಕೊಳ್ಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಅದೇ ದಿನ ಮೇಲ್ ಬರೆಯಿರಿ, ಪ್ಲೇಸ್‌ಮೆಂಟ್ ಅಧಿಕಾರಿಗೂ ಒಂದು ಪ್ರತಿ ಹೋಗಲಿ. ಸಿಸ್ಟಮ್ ಇನ್ಫರ್ಮೇಶನ್ ಪುಟವನ್ನು ಫೈಲಾಗಿ ಉಳಿಸಿ ಅದಕ್ಕೆ ಲಗತ್ತಿಸಿ. ಲ್ಯಾಪ್‌ಟಾಪ್ ತಯಾರಕರ ಹೆಸರು, ಮಾದರಿ ಎರಡೂ ಅದರಲ್ಲಿರುತ್ತವೆ. ವರ್ಚುವಲ್ ಮಷೀನ್ ಆಗಿದ್ದರೆ ಸಾಮಾನ್ಯವಾಗಿ ಅಲ್ಲಿ ವಿಎಂವೇರ್, ವರ್ಚುವಲ್‌ಬಾಕ್ಸ್ ಎಂಬಂಥ ಹೆಸರು ಇರುತ್ತಿತ್ತು.

ನಮ್ಮ ಕೈ ಹಿಡಿದದ್ದು ಆ ಫೈಲೇ. ಪ್ಲೇಸ್‌ಮೆಂಟ್ ಅಧಿಕಾರಿ ಅದನ್ನು ನೋಡಿ ಕಂಪನಿಗೆ ತಾವೇ ಬರೆದರು, "ನಿಯಮ ಉಲ್ಲಂಘನೆ" ಹೋಗಿ "ತಾಂತ್ರಿಕ ತೊಂದರೆ" ಎಂದಾಯಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ, ಆ ಕಂಪನಿಯ ಆಯ್ಕೆ ಅಷ್ಟರಲ್ಲಿ ಮುಗಿದಿತ್ತು. ಅದಕ್ಕೇ ನಿಮ್ಮ ಕಾಲೇಜಿನಲ್ಲಿ ಮುಂದಿನ ಪ್ಲೇಸ್‌ಮೆಂಟ್ ಡ್ರೈವ್ ಶುರುವಾಗುವ ಮೊದಲೇ ಅಧಿಕಾರಿಗಳ ಹತ್ತಿರ ಹೋಗಿ ಎರಡು ವಿಷಯ ಕೇಳಿ. ಅಸಲಿ ಸಾಫ್ಟ್‌ವೇರನ್ನು ಒಂದು ದಿನ ಮುಂಚೆ ಹಾಕಿ ನೋಡಲು ಕಂಪನಿ ಬಿಡುತ್ತದೆಯೇ, ಯಂತ್ರ ಕೈಕೊಟ್ಟರೆ ಕಾಲೇಜಿನ ಲ್ಯಾಬಿನಲ್ಲಿ ಕೂತು ಬರೆಯಬಹುದೇ. ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ. ಪರೀಕ್ಷೆ ಮುಗಿದ ಸಂಜೆ ಮೆಮೊರಿ ಇಂಟೆಗ್ರಿಟಿಯನ್ನು ಮರೆಯದೆ ಮತ್ತೆ ಆನ್ ಮಾಡಿ.