ದೋಸೆಗೆ ಮೆಚ್ಚುಗೆ, ಪಾಳಿಗೆ ತಕರಾರು

ಬಸವನಗುಡಿಯ ಈ ದರ್ಶಿನಿಯಲ್ಲಿ ಬೆಳಗಿನ ಖಾಲಿ ದೋಸೆ ಹತ್ತಿಯಂತೆ ಮೃದುವಾಗಿದ್ದು, ಸಾಗುವೂ ಹದವಾಗಿರುತ್ತದೆ. ಮಧ್ಯಾಹ್ನ ಹೋದವರಿಗೆ ಮಾತ್ರ ಕಾವಲಿ ತಣ್ಣಗಿರುತ್ತದೆ. ಗಿರಾಕಿಗಳು ಮುಗಿಬೀಳುವ 7ರಿಂದ 11 ಹಾಗೂ ಸಂಜೆ 4ರಿಂದ 9 ಗಂಟೆಯವರೆಗೆ ಮಾತ್ರ ದೋಸೆ ಹುಯ್ಯುವವರನ್ನು ದುಡಿಸಿದರೆ ಲಾಭ ಎಂಬುದು ಮಾಲೀಕರ ಲೆಕ್ಕ. ನಡುವಿನ 5 ಗಂಟೆಗಳಿಗೆ ಸಂಬಳವಿಲ್ಲ. ದೂರದಲ್ಲಿ ಮನೆಯಿರುವವರು ಗೋದಾಮಿನ ಮೂಟೆಗಳ ಮೇಲೆಯೇ ಒರಗಿರುತ್ತಾರೆ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಗಂಟೆಗಳ ದುಡಿಮೆಗೆ ಅವಕಾಶ ನೀಡುತ್ತದೆಯಾದರೂ, ಬಿಡುವೂ ಸೇರಿ ಕೆಲಸದ ಅವಧಿ 12 ಗಂಟೆಗಳನ್ನು ಮೀರಬಾರದೆನ್ನುತ್ತದೆ. ಇಲ್ಲಿ ಅದು 14 ಆಗಿದೆ. ರಾತ್ರಿ 8ರ ನಂತರದ ದೋಸೆ ಸೀದಿರುವುದು ನನಗಂತೂ ಆಶ್ಚರ್ಯ ತರಲಿಲ್ಲ. ರುಚಿಗೆ ಐದರಲ್ಲಿ ನಾಲ್ಕು ಅಂಕ, ವ್ಯವಸ್ಥೆಗೆ ಎರಡು.