ಕಾರಿನ ಎಲ್‌ಇಡಿ ಟೇಲ್ ಲೈಟ್: ಹೊಸದು, ಗುಜರಿಯದು, ರಿಪೇರಿ

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಸುತ್ತ ರಾತ್ರಿ ಕಾರು ಓಡಿಸಿದವರಿಗೆ, ಹಿಂದೆ ದೀಪವಿಲ್ಲದ ಕಬ್ಬಿನ ಗಾಡಿ ತೀರ ಹತ್ತಿರ ಬಂದ ಮೇಲೆ ಕಣ್ಣಿಗೆ ಬೀಳುವ ಭಯ ಗೊತ್ತಿರುತ್ತದೆ. ಹೀಗಾಗಿ ನಮ್ಮ ಕಾರಿನ ಎಡ ಟೇಲ್ ಲೈಟಿನಲ್ಲಿ ಮೂರು ಎಲ್‌ಇಡಿಗಳ ಒಂದು ಸಾಲು ಆರಿದಾಗ ಅದನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ.

ಇಡೀ ದೀಪ ಆರಿದ್ದರೆ ಫ್ಯೂಸು, ಕನೆಕ್ಟರು, ಅರ್ತ್ ತಂತಿಗಳನ್ನು ಮೊದಲು ನೋಡಬೇಕು. ಒಂದು ಸಾಲು ಮಾತ್ರ ಆರಿದ್ದರೆ ದೋಷ ಹೆಚ್ಚಾಗಿ ದೀಪದೊಳಗೇ ಇರುತ್ತದೆ, ಏಕೆಂದರೆ ಸರಣಿಯಲ್ಲಿ ಜೋಡಿಸಿದ ಎಲ್‌ಇಡಿಗಳಲ್ಲಿ ಒಂದು ಕಡಿದುಹೋದರೂ ಉಳಿದವು ಉರಿಯುವುದಿಲ್ಲ.

ನಾನು ಮೊದಲು ಮಾಡಿದ್ದು ಮೈಸೂರಿನ ಗುಜರಿಯಿಂದ ಅದೇ ಮಾದರಿಯ ಹಳೆಯ ದೀಪ ತಂದು ಹಾಕಿದ್ದು. ಅಂಗಡಿಯಲ್ಲಿ ಚೆನ್ನಾಗಿಯೇ ಉರಿದ ಆ ದೀಪದೊಳಗೆ ಒಂದೇ ಮಳೆಗಾಲದಲ್ಲಿ ಹನಿ ಕಟ್ಟಿತು. ಅದೂ ನಮ್ಮ ದೀಪದಷ್ಟೇ ವಯಸ್ಸಾದದ್ದು ಎಂಬುದನ್ನು ನಾನು ಯೋಚಿಸಿರಲಿಲ್ಲ.

ಆಮೇಲೆ ನಮ್ಮ ಮೂಲ ದೀಪವನ್ನೇ ಬಿಚ್ಚಲು ಕುಳಿತೆ. ಹೆಡ್‌ಲೈಟಿನ ಗಾಜನ್ನು ಬಹುತೇಕ ಅಂಟಿನಿಂದ ಕೂರಿಸಿರುವುದರಿಂದ ಬಿಸಿ ಮಾಡಿ ತೆಗೆಯಬಹುದು, ಆದರೆ ಅನೇಕ ಟೇಲ್ ಲೈಟುಗಳಲ್ಲಿ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆದಿರುತ್ತಾರೆ. ಆದ್ದರಿಂದ ಹಿಂಬದಿಯ ಕವಚದಲ್ಲಿ ಸಣ್ಣ ಕಿಟಕಿಯಂತೆ ಕತ್ತರಿಸಿ ಎಲ್‌ಇಡಿಗಳನ್ನು ಕೂರಿಸಿದ ಬೋರ್ಡನ್ನು ತಲುಪಿದೆ. 12 ವೋಲ್ಟ್ ಕೊಟ್ಟು ಒಂದೊಂದೇ ಎಲ್‌ಇಡಿಯ ಕಾಲುಗಳಿಗೆ ಮಲ್ಟಿಮೀಟರ್ ಹಿಡಿದಾಗ ಎರಡರಲ್ಲಿ ಏನೂ ತೋರದೆ, ಮೂರನೆಯದರಲ್ಲಿ ಮಾತ್ರ 9 ವೋಲ್ಟಿನ ಆಸುಪಾಸು ಬಂತು. ಉರಿಯುವ ಕೆಂಪು ಎಲ್‌ಇಡಿಯಲ್ಲಿ ಅದು ಸುಮಾರು 2 ವೋಲ್ಟ್ ಇರಬೇಕು, ಎಂದರೆ ಸಾಲು ಕಡಿದಿರುವುದು ಅಲ್ಲೇ. ಬೆಸುಗೆ ಬಿರುಕು ಬಿಟ್ಟಿದ್ದರೂ ಹೀಗೇ ತೋರುವುದರಿಂದ ಬಿದಿರಿನ ಕಡ್ಡಿಯಿಂದ ಅದನ್ನು ಮೆಲ್ಲಗೆ ಒತ್ತಿ ನೋಡಿದೆ, ಮಿಣುಕಲಿಲ್ಲ. ಹಾಗಾಗಿ ಎಲ್‌ಇಡಿಯೇ ಸತ್ತಿದೆ ಎಂದು ಖಚಿತವಾಯಿತು. ಅದೊಂದನ್ನೇ ಬದಲಿಸಿದಾಗ ಹೊಸದು ಪಕ್ಕದವುಗಳಿಗಿಂತ ಪ್ರಖರವಾಗಿ ಕಂಡದ್ದರಿಂದ ಕೊನೆಗೆ ಮೂರನ್ನೂ ಬದಲಿಸಿದೆ. ಕಿಟಕಿಯನ್ನು ಮತ್ತೆ ಮುಚ್ಚುವಾಗ ವಿನೆಗರ್ ವಾಸನೆಯ ಸಿಲಿಕೋನ್ ಬಳಸಲೇಬಾರದು, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನನಗೆ ಇಡೀ ಭಾನುವಾರ ಹಿಡಿದರೂ ಖರ್ಚಾದದ್ದು ಇನ್ನೂರು ರೂಪಾಯಿಯೊಳಗೆ.

ಹೊಸ ದೀಪ ಕೊಂಡದ್ದು ಬಲಗಡೆಗೆ. ಅಲ್ಲಿದ್ದ ಹಳೆಯ ದೀಪದೊಳಗೆ ನೀರು ನಿಂತು ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಹಬ್ಬಿತ್ತು. ಒರೆಸಿದರೆ ಗೆರೆಯೇ ಕಿತ್ತು ಬಂತು. ಅಂಥ ಬೋರ್ಡಿಗೆ ಹೊಸ ಎಲ್‌ಇಡಿ ಹಾಕುವುದು ವ್ಯರ್ಥವೆನಿಸಿದ್ದರಿಂದ, ಬೆಲೆ ಹೆಚ್ಚಾದರೂ ಕಂಪನಿಯ ದೀಪವನ್ನೇ ಹಾಕಿಸಿದೆ, ಅದಕ್ಕೆ ಅರ್ಧ ಗಂಟೆ ಸಾಕಾಯಿತು.

ಒಂದೆರಡು ಎಲ್‌ಇಡಿ ಹೋಗಿ ಬೋರ್ಡು ಒಣಗಿದ್ದರೆ ನಾನು ಈಗಲೂ ರಿಪೇರಿಯನ್ನೇ ಆರಿಸುತ್ತೇನೆ, ಕಿಲುಬು ಕಂಡರೆ ಹೊಸದನ್ನು. ಗುಜರಿಯಿಂದ ತಂದ ದೀಪ ಈಗ ಮನೆಯಲ್ಲಿದೆ. ಅದರ ಒಳ್ಳೆಯ ಎಲ್‌ಇಡಿಗಳನ್ನು ಮುಂದಿನ ರಿಪೇರಿಗೆಂದು ಬಿಚ್ಚಿಟ್ಟಿದ್ದೇನೆ.